ಕರ್ಕಟಕದಲ್ಲಿ ಕೊಟ್ಟ ಸಲಹೆ

ಶಶಿಧರ್, ನಿಮ್ಮ ಕುದುರೆಯನ್ನು ಕೊಂದವಳು ನಾನು. ನಿಮ್ಮ ಮಾವನವರಲ್ಲ.

ಬಾಯಿ ತಪ್ಪಿ ಹೇಳಿದೆ, ಮರೆತು ಹೇಳಿದೆ ಎಂದೆಲ್ಲ ನಾಟಕ ಆಡುವುದಿಲ್ಲ. ನಾನು ಪಶುವೈದ್ಯೆ, ಏನು ಹೇಳುತ್ತಿದ್ದೇನೆ ಎಂದು ಗೊತ್ತಿದ್ದೇ ಹೇಳಿದೆ. ನಿಮ್ಮ ಮೇಲೆ ನನಗೆ ಅಷ್ಟು ಸಿಟ್ಟಿತ್ತು — ಈಗಲೂ ಇದೆ, ಅದನ್ನೂ ಬಚ್ಚಿಡುವುದಿಲ್ಲ.

ನಿಮ್ಮ ಜೊತೆ ನಮ್ಮ ಸುಮಕ್ಕನ ಮದುವೆ ಎಂದು ಮೈಸೂರಿನ ಮನೆ ಮುಂದೆ ಚಪ್ಪರ ಹಾಕಿಯಾಗಿತ್ತು. ಅರಿಶಿನ ಹಚ್ಚುವಾಗ ನಿಮ್ಮ ಕಡೆಯ ಹೆಂಗಸರು ಅವಳ ಹಿಮ್ಮಡಿಯ ಮೇಲಿನ ಬಿಳಿ ಮಚ್ಚೆ ನೋಡಿದರು. ಅಕ್ಕ ಅದನ್ನು ಮೊದಲೇ ನಿಮಗೆ ಹೇಳಿದ್ದಳು. ನೀವು ಹೂಂ ಅಂದಿದ್ದಿರಿ. ಆದರೂ ಅಷ್ಟು ಜನರೆದುರು ಏನೂ ತಿಳಿಯದವರಂತೆ ನಿಂತು, "ತೊನ್ನಿರೋ ಹುಡುಗೀನ ನಮ್ಮ ತಲೆಗೆ ಕಟ್ಟೋಕೆ ಹೊರಟಿದ್ರಾ?" ಎಂದು ಅಪ್ಪನನ್ನು ಕೇಳಿದಿರಿ. ನಾನು ಆಗ ಕಾಲೇಜು ಹುಡುಗಿ. ಅಪ್ಪ ಕೈಮುಗಿದದ್ದು, ನೀವು ಮುಖ ತಿರುಗಿಸಿ ಮದುವೆ ಮುರಿದು ಹೊರಟದ್ದು — ಕಣ್ಣಿಗೆ ಕಟ್ಟಿದ ಹಾಗಿದೆ.

ಎಷ್ಟೋ ವರ್ಷಗಳ ಮೇಲೆ ಕೊಚ್ಚಿಯಲ್ಲಿ ಸಿಕ್ಕಿದಿರಿ. ನನ್ನ ಗಂಡನಿಗೆ ತಿರುವನಂತಪುರದ ತುಂಬಾ ರಾಕೆಟ್ ಕೇಂದ್ರದಲ್ಲಿ ಕೆಲಸ, ನಮ್ಮ ಮನೆ ಅಲ್ಲೇ ಶ್ರೀಕಾರ್ಯಂನಲ್ಲಿ. ಕುದುರೆಗಳ ಆಹಾರದ ವಿಷಯಕ್ಕೆ ನನ್ನನ್ನು ಅಲ್ಲಿಲ್ಲಿ ಕರೆಯುತ್ತಿದ್ದರು. ನೀವೂ ಕರೆದಿರಿ. ನೀವು ನಡೆಸುತ್ತಿದ್ದದ್ದು ಏನು? ಮದುವೆಯ ಸಾರೋಟು! ವಧೂವರರನ್ನು ಕೂರಿಸಿ ಮೆರವಣಿಗೆ! ಅಬ್ಬಾ, ಎಂಥ ಗುಂಡಿಗೆ ನಿಮ್ಮದು. ನನ್ನ ಗುರುತು ಹಿಡಿದು, ಬಾಳೆಹಣ್ಣಿನ ಬಜ್ಜಿ, ಆ ಪಳಂಪೊರಿ, ತಿನ್ನುತ್ತ ತಿನ್ನುತ್ತಲೇ ಕೇಳಿದಿರಿ: "ನಿಮ್ಮಕ್ಕ ಚೆನ್ನಾಗಿದ್ದಾರಾ? ಬಿಡಿ, ಆಗಿದ್ದೆಲ್ಲ ಒಳ್ಳೇದಕ್ಕೇ ಆಯ್ತು."

ಒಳ್ಳೆಯದಕ್ಕೆ! ಅವತ್ತು ನಗುನಗುತ್ತಲೇ ನಿಮ್ಮ ಲಾಯದೊಳಗೆ ಬಂದೆ.

ನಿಮ್ಮ ಸಾರೋಟಿನ ಕುದುರೆ ಲಚ್ಚಿ, ಭಾರ ಎಳೆಯುವ ದೊಡ್ಡ ತಳಿಯ ಮಿಶ್ರರಕ್ತದವಳು. ಹಲಗೆಯಂಥ ಬೆನ್ನು, ಗೊರಸು ಮುಚ್ಚುವಷ್ಟು ಕೂದಲು, ಮಗುವಿನ ಸ್ವಭಾವ. ಮೊದಲ ದಿನವೇ ನನ್ನ ಸೆರಗು ಜಗಿದಳು. ನೀವು ಅವಳಿಗೆ ರೇಸಿನ ಕುದುರೆಯ ಹಾಗೆ ಬುಟ್ಟಿಗಟ್ಟಲೆ ಕಾಳು ಹಾಕುತ್ತಿದ್ದಿರಿ. ನಾನು ನಿಲ್ಲಿಸಿದೆ. ಇಂಥ ಕುದುರೆಗೆ ಮೈ ದೊಡ್ಡದು, ಕಾಳಿನ ಅಗತ್ಯ ಚಿಕ್ಕದು. ಹೊಟ್ಟೆ ತುಂಬ ಒಣಹುಲ್ಲು, ಶಕ್ತಿಗೆ ಒಂದಿಷ್ಟು ಎಣ್ಣೆ, ಉಪ್ಪು, ನೆನೆಸಿದ ಹುರುಳಿ ಹಿಡಿಯಷ್ಟು. ಕೆಲಸವಿಲ್ಲದ ದಿನ ಆ ಹಿಡಿಯೂ ಬೇಡ, ಆದರೆ ನಡೆದಾಡಿಸುವುದನ್ನು ಮಾತ್ರ ಬಿಡಬಾರದು. ನಿಂತಲ್ಲೇ ನಿಂತು ಕಾಳು, ಬೆಲ್ಲ ತಿಂದರೆ ಅದೆಲ್ಲ ಮಾಂಸಖಂಡದಲ್ಲಿ ಕೂಡಿಕೊಂಡು, ಮತ್ತೆ ಗಾಡಿಗೆ ಕಟ್ಟಿದ ದಿನ ಮಾಂಸವೇ ಕರಗತೊಡಗುತ್ತದೆ — ಈ ಕಾರಣವನ್ನು ಮಾತ್ರ ನಿಮಗೆ ಹೇಳಿರಲಿಲ್ಲ. ಆಗ ಅದರಲ್ಲಿ ದುರುದ್ದೇಶವಿರಲಿಲ್ಲ. ಆಮೇಲೆ ಅದೇ ನನ್ನ ಕೈಗೆ ಸಿಕ್ಕ ಕತ್ತಿಯಾಯಿತು.

ಕರ್ಕಟಕ ಮಾಸ ಬಂತು. ನಮ್ಮ ಆಷಾಢದ ಹಾಗೆ ಅಲ್ಲಿ ಆ ತಿಂಗಳು ಮದುವೆಗಳಿಲ್ಲ. ಸಾರೋಟು ಮೂಲೆ ಸೇರಿತು. ನಿಮ್ಮ ಹೆಂಡತಿಯ ತಂದೆ ಆನೆಗಳ ಜೊತೆ ಆಯುಷ್ಯ ಸವೆಸಿದವರು. ಆನೆಗಳಿಗೆ ಆ ತಿಂಗಳು ವಿಶ್ರಾಂತಿ ಕೊಟ್ಟು ಅನ್ನ, ಬೆಲ್ಲ, ತುಪ್ಪದ ಉಂಡೆ ತಿನ್ನಿಸಿ ಸುಖಚಿಕಿತ್ಸೆ ಮಾಡುತ್ತಾರಲ್ಲ, ಲಚ್ಚಿಗೂ ಹಾಗೇ ಮಾಡುವ ಆಸೆ ಅವರಿಗೆ. ಕೊಡಬಹುದಾ ಎಂದು ಕೇಳಲು ನೀವು ಫೋನ್ ಮಾಡಿದಾಗ ನಾನು ತಿರುವನಂತಪುರದ ತಂಪಾನೂರು ಬಸ್ ಸ್ಟ್ಯಾಂಡಿನಲ್ಲಿದ್ದೆ. ಹಿಂದಿನಿಂದ ಅವರ ದನಿ ಕೇಳುತ್ತಿತ್ತು: "ಡಾಕ್ಟರೋಡು ಚೋದಿಚ್ಚಿಟ್ಟು ಮದಿ." ಡಾಕ್ಟರನ್ನು ಕೇಳಿ ಆಮೇಲೆ ಕೊಟ್ಟರೆ ಸಾಕು, ಎಂದು. ನಿಮಗಿಂತ ಅವರಿಗೇ ಆ ಕುದುರೆಯ ಮೇಲೆ ಹೆಚ್ಚು ಕಾಳಜಿ.

ಬೇಡ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ನೀವು ನಕ್ಕಿರಿ — "ಅಯ್ಯೋ, ಮುಂದಿನ ತಿಂಗಳು ಮದುವೆಗಳೋ ಮದುವೆಗಳು ಡಾಕ್ಟ್ರೇ, ಮದುಮಗಳ ಥರ ಹೊಳೀಬೇಕು ಅವಳು."

"ಕೊಡಿ ಕೊಡಿ," ಅಂದೆ. "ಧಾರಾಳವಾಗಿ ಕೊಡಿ. ನಡೆಸೋದೇನೂ ಬೇಡ, ಆರಾಮಾಗಿರಲಿ."

ಇಷ್ಟೇ. ಬಸ್ ಬಂತು, ಹತ್ತಿದೆ. ಮತ್ತೆ ಫೋನ್ ಮಾಡಿ ತಡೆಯಲು ಇಡೀ ತಿಂಗಳಿತ್ತು — ತಡೆಯಲಿಲ್ಲ.

ಕರ್ಕಟಕ ಕಳೆದು ಚಿಂಙ ಮಾಸದ ಮೊದಲ ಮದುವೆಗೆ ಅವಳನ್ನು ಸಾರೋಟಿಗೆ ಕಟ್ಟಿದಿರಿ. ಬೀದಿಯ ತಿರುವು ದಾಟುವಷ್ಟರಲ್ಲಿ ಅವಳು ಬೆವರಿ ನಿಂತುಬಿಟ್ಟಳಂತೆ. ನಾನು ತಿರುವನಂತಪುರದಿಂದ ಬಂದು ಮುಟ್ಟಿದಾಗ ತೊಡೆಗಳು ಕಲ್ಲಾಗಿದ್ದವು. ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣ. ಬಾಟಲಿ ಮೇಲೆ ಬಾಟಲಿ ಏರಿಸಿದೆ, ಗೊತ್ತಿದ್ದ ಔಷಧವನ್ನೆಲ್ಲ ಕೊಟ್ಟೆ. ಆಗ ನಿಜವಾಗಿಯೂ ಉಳಿಸಬೇಕೆಂದಿತ್ತು, ನಂಬಿದರೆ ನಂಬಿ. ಅವಳು ನನ್ನ ಸೆರಗಿಗೆ ಬಾಯಿ ಹಾಕಿದಳು. ಜಗಿಯಲು ಶಕ್ತಿ ಇರಲಿಲ್ಲ. ಹೋಗಿಬಿಟ್ಟಳು. ನೀವು ಕಂಬಕ್ಕೆ ಹಣೆ ಒತ್ತಿ ಅತ್ತಿರಿ. ಒಂದು ಗಳಿಗೆ — ಹೇಳಿಬಿಡುತ್ತೇನೆ — ನನಗೆ ಖುಷಿಯಾಯಿತು.

ಆಮೇಲೆ ನೀವು ಕೇಳಿದಿರಿ, "ಯಾಕಾಯ್ತು ಡಾಕ್ಟ್ರೇ?" ಆಗಲೂ ನಿಜ ಹೇಳಬಹುದಿತ್ತು. "ಅಳತೆ ಮೀರಿ ತಿನ್ನಿಸಿದ್ದಾರೆ," ಅಂದೆ. ನೀವು ತಿರುಗಿ ಆ ಹಿರಿಯರ ಮೇಲೆ ಎಗರಿದಿರಿ. ಕೊಂದವನು, ಮುಟ್ಟಾಳ, ಇನ್ನು ನನ್ನ ಹೊಸ್ತಿಲು ತುಳಿಯಬೇಡ — ಇನ್ನೂ ಏನೇನೋ. ಡಾಕ್ಟರೇ ಹೇಳಿದ್ದಲ್ಲವೇ ಎನ್ನುವಂತೆ ಅವರು ನನ್ನ ಮುಖ ನೋಡಿದರು. ನಾನು ಬ್ಯಾಗಿನ ಜಿಪ್ ಎಳೆಯುತ್ತ ನಿಂತೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಪಶುವೈದ್ಯೆಯಾಗಿ ಅದನ್ನೇ ಮಾಡಿದೆನಲ್ಲ, ಅದೂ ಎರಡು ಸಲ.

ಇಷ್ಟು ವರ್ಷದ ಮೇಲೆ ಮೊನ್ನೆ ಸುಮಕ್ಕನಿಗೆ ಹೇಳಿದೆ. ನಿನ್ನ ಸೇಡು ತೀರಿಸಿದೆ ಎಂದು ಎದೆ ಉಬ್ಬಿಸಿಯೇ ಹೇಳಿದೆ. "ನನ್ನ ಸೇಡು ಅನ್ನಬೇಡ ಕಣೇ," ಅಂದಳು. "ನಾನು ಕೇಳಿದ್ನಾ? ಆ ಯಜಮಾನ್ರಿಗೆ ಅಪ್ಪನ ವಯಸ್ಸಲ್ವೇನೇ?"

ಜನರೆದುರು ಒಬ್ಬ ಮುದುಕನಿಗೆ ಅವಮಾನ ಮಾಡಿದಿರೆಂದು ನಿಮ್ಮನ್ನು ದ್ವೇಷಿಸಿದವಳು, ನಿಮ್ಮ ಬಾಯಿಂದಲೇ ಇನ್ನೊಬ್ಬ ಮುದುಕನಿಗೆ ಅದನ್ನೇ ಮಾಡಿಸಿದೆ.

ನಿಮ್ಮ ಕ್ಷಮೆ ನನಗೆ ಬೇಡ. ನನ್ನದು ನಿಮಗೆ ಸಿಗುವುದೂ ಇಲ್ಲ. ಭಾನುವಾರ ಕೊಚ್ಚಿಗೆ ಬರುತ್ತೇನೆ, ನೇರ ಅವರ ಮನೆಗೆ. ನನ್ನ ಹರಕುಮುರುಕು ಮಲಯಾಳದಲ್ಲೇ ಎಲ್ಲವನ್ನೂ ಹೇಳುತ್ತೇನೆ. ನೀವೂ ಅಲ್ಲಿರಬೇಕು — ಅವರಿಗೆ ಅಂದ ಮಾತುಗಳನ್ನು ಅವರೆದುರೇ ವಾಪಸು ತೆಗೆದುಕೊಳ್ಳಬೇಕು. ಆಮೇಲೆ ನನ್ನ ಮೇಲೆ ದೂರು ಕೊಡಿ, ನನ್ನ ವೃತ್ತಿ ಬಿಡಿಸಿ, ನಿಮ್ಮಿಷ್ಟ. ಯಾರು ಕೇಳಿದರೂ ಹೌದು ಅನ್ನುತ್ತೇನೆ.