ಕೆಂಪು ಕಲ್ಲಿನ ಜೊತೆ ಬಂದ ಮರಿ

ಆಗ ನಮ್ಮದು ಈಸ್ಟ್ ತಮಾಕಿಯ ಗೋದಾಮುಗಳ ಬೆನ್ನಿಗೆ ಅಂಟಿಕೊಂಡಿದ್ದ ಬಾಡಿಗೆ ಮನೆ. ಈಗ ಆಕ್ಲೆಂಡಿಗೆ ಬಂದಿಳಿಯುವ ನಮ್ಮವರ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ, ಚಳಿಗಾಲದಲ್ಲಿ ಮನೆಯೊಳಗೇ ಬಾಯಿಂದ ಹೊಗೆ ಬರುತ್ತಿತ್ತು. ಕಾರ್ಪೆಟ್ಟಿಗೆ ಒದ್ದೆ ನಾಯಿಯ ವಾಸನೆ, ಕಿಟಕಿಯ ಚೌಕಟ್ಟಿಗೆಲ್ಲ ಕರಿಬೂಷ್ಟು. ಅವ್ವ ದಿನಾ ಬೆಳಿಗ್ಗೆ ಅಪ್ಪನ ಹಳೆಯ ಬನಿಯನ್ನಿನಿಂದ ಗಾಜಿನ ಮೇಲಿನ ನೀರು ಒರೆಸುತ್ತ, 'ಸಿರಿವಂತರ ದೇಶ ಅಂತ. ಮನಿ ಸುದ್ದಾ ಅಳತಾವ ಇಲ್ಲೆ' ಎಂದು ಗೊಣಗುತ್ತಿದ್ದಳು. ನನಗಾಗ ಒಂಬತ್ತೋ ಹತ್ತೋ ವರ್ಷ. ಗದಗಿನಿಂದ ಬಂದು ಎರಡನೆಯ ಚಳಿಗಾಲ ಅದು.

ಗದಗಿನಲ್ಲಿ ಅಪ್ಪನ ಕಸುಬು ಕರೆಂಟಿನದು. ಆದರೆ ಊರಿಗೆ ಅವನು ಹಾವಿನ ಈರಣ್ಣ. ಒಲೆಯ ಸಂದಿಯಲ್ಲಿ, ಜೋಳದ ಚೀಲದ ಹಿಂದೆ, ಶಾಲೆಯ ಹೆಂಚಿನಲ್ಲಿ ಹಾವು ಕಂಡರೆ ಜನ ಮೊದಲು ಅಪ್ಪನನ್ನು ಕೂಗುತ್ತಿದ್ದರು, ಆಮೇಲೆ ದೇವರನ್ನು. ಅಪ್ಪ ಅದನ್ನು ಹಿಡಿದು ಅರಿವೆಯ ಚೀಲಕ್ಕೆ ಹಾಕಿ, ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ ಊರಾಚೆಯ ಗುಡ್ಡದಲ್ಲಿ ಬಿಟ್ಟು ಬರುತ್ತಿದ್ದ. ಕೊಂದದ್ದು ಒಂದೂ ಇಲ್ಲ. ಅಂಥ ಮನುಷ್ಯ ಪರಿಚಯದವರ ಮಾತು ಕೇಳಿ ಕಟ್ಟಡದ ಕಲ್ಲು ತರಿಸಿ ಮಾರುವವರ ಅಂಗಳದ ಕೆಲಸಕ್ಕೆಂದು ಬಂದಿಳಿದದ್ದು, ಹಾವೇ ಇಲ್ಲದ ದೇಶಕ್ಕೆ! ಅವ್ವನಿಗೆ ಅದೇ ದೊಡ್ಡ ಸಮಾಧಾನ. ಅಪ್ಪ ಮಾತ್ರ ದಿನದಿಂದ ದಿನಕ್ಕೆ ಮೌನಿಯಾದ. ಅವನ ಕೈಗೆ ಇಲ್ಲಿ ಕೆಲಸವಿತ್ತು. ಅವನನ್ನು ಕೂಗಿ ಕರೆಯುವವರಿರಲಿಲ್ಲ.

ಇಲ್ಲಿ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಸಂಜೆ ಅಪ್ಪ ಬೂಟು ಬಿಚ್ಚದೆ ನೇರ ಗ್ಯಾರೇಜಿಗೆ ಹೋದ. ನಾನು ಹಿಂದೆಯೇ ಓಡಿದೆ. ಜಾಕೆಟ್ಟಿನೊಳಗೆ ಹೊಟ್ಟೆಗೆ ಒತ್ತಿ ಹಿಡಿದಿದ್ದ ಬುತ್ತಿ ಡಬ್ಬಿಯನ್ನು ಹೊರತೆಗೆದು, 'ಸಪ್ಪಳ ಮಾಡಬ್ಯಾಡ' ಎಂದ. ಮುಚ್ಚಳ ತುಸು ಸರಿಸಿದ. ರೊಟ್ಟಿ ಸುತ್ತಿದ್ದ ಬಟ್ಟೆಯ ಮಡಿಕೆಯಲ್ಲಿ ಪೆನ್ಸಿಲ್ಲಿಗಿಂತ ಸಣ್ಣದೊಂದು ಕಂದು ಸುರುಳಿ, ಮೈಮೇಲೆ ತೆಳುವಾದ ಬಿಳಿ ಪಟ್ಟೆ.

'ಅಪ್ಪಾ, ಹಾವು!'

'ಹಾವಲ್ಲ, ಇನ್ನಾ ಮರಿ. ತೋಳ ಹಾವು ಅಂತಾರ ಇದಕ. ವಿಷ ಇಲ್ಲ. ಪಾಪ, ನಮ್ಮ ಕಡಿಯಿಂದ ಬಂದೈತಿ.'

ಅಂದು ಅಂಗಳಕ್ಕೆ ಇಳಕಲ್ಲಿನ ಕೆಂಪು ಕಲ್ಲಿನ ಕಂಟೇನರ್ ಬಂದಿತ್ತಂತೆ. ಕಲ್ಲು ಕಟ್ಟಿದ್ದ ಹಲಗೆಗಳ ನಡುವೆ ಇದು ಅಲುಗಾಡಿದೆ. ಬೇರೆಯವರು ಕಂಡಿದ್ದರೆ ಸಲಿಕೆಯಿಂದ ಒಂದೇ ಏಟು. ಯಾರೂ ನೋಡುವ ಮೊದಲೇ ಅಪ್ಪ ಡಬ್ಬಿಯಲ್ಲಿದ್ದ ರೊಟ್ಟಿ ತೆಗೆದು ಮರಿಯನ್ನು ಒಳಗಿಟ್ಟಿದ್ದ. ಕಂಟೇನರಿಗೆ ಬಿಡುವ ಹುಳ ಸಾಯಿಸುವ ಔಷಧಿಯ ಹೊಗೆ, ಅಷ್ಟು ದಿನದ ಸಮುದ್ರ, ಇದನ್ನೆಲ್ಲ ದಾಟಿ ಅದು ಹೇಗೆ ಜೀವ ಹಿಡಿದಿತ್ತೋ ಅವನಿಗೂ ತಿಳಿಯಲಿಲ್ಲ. ಎಷ್ಟೋ ದಿನಗಳ ಮೇಲೆ ಅಪ್ಪ ನಗುತ್ತಿದ್ದ.

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು.

'ಹಾವು ಸಾಕಿದ್ರ ಇಲ್ಲೆ ಜೇಲು ಅಂತ ಗೊತ್ತೈತಿಲ್ರೀ ನಿಮಗ? ಇಲ್ಲೇ ಇರಾಕ ಅರ್ಜಿ ಹಾಕೀವಿ. ನಾಳೆ ನಮ್ಮ ಮೂರೂ ಮಂದೀನ ವಿಮಾನ ಹತ್ತಿಸಿದ್ರ ಏನ್ ಮಾಡೂದು?'

'ಸರಕಾರದವರಿಗೆ ಕೊಟ್ರ ಕೊಲ್ತಾರ, ಶಾಂತಾ.'

'ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂದ್ರ ಹೆಂಗ್ರೀ?'

ಅಪ್ಪನಿಗೂ ಗೊತ್ತಿತ್ತು. ಈ ದೇಶದ ಎಷ್ಟೋ ಹಕ್ಕಿಗಳು ನೆಲದ ಮೇಲೇ ಗೂಡು ಕಟ್ಟುತ್ತವೆ. ಹಾವೆಂದರೆ ಏನೆಂದೇ ಅರಿಯದ ಹಕ್ಕಿಗಳು. ಹಾಗಾಗಿ ಇಲ್ಲಿ ಮೃಗಾಲಯದಲ್ಲೂ ಹಾವು ಇಡುವುದಿಲ್ಲ. ಹೊರಗೆ ಬಿಡುವ ಮಾತನ್ನು ಅಪ್ಪನೂ ಎತ್ತಲಿಲ್ಲ. 'ನಾಕು ದಿನ ಇರಲಿ. ಮೈ ಹಿಡಕೊಳ್ಳಲಿ. ಆಮ್ಯಾಲೆ ನೋಡೂಣು' ಎಂದ. ಅವ್ವ, 'ಅದು ಈ ಹೊಸ್ತಿಲಾ ದಾಟಿ ಒಳಗ ಬಂತಂದ್ರ, ನಾ ಹೊರಗ' ಎಂದು ಹೇಳಿ ರೊಟ್ಟಿ ಬಡಿಯಲು ಹೋದಳು. ಆ ಹೊತ್ತು ರೊಟ್ಟಿ ಬಡಿಯುವ ಸದ್ದು ಜೋರಾಗಿತ್ತು.

ಮರುದಿನ ಮರಿಗೆ ಮನೆ ಕಟ್ಟುವ ಕೆಲಸ ಶುರುವಾಯಿತು. ಯಾರೋ ರಸ್ತೆ ಬದಿಗೆ ಇಟ್ಟಿದ್ದ, ಮೂಲೆ ಬಿರಿದ ಮೀನಿನ ಗಾಜಿನ ತೊಟ್ಟಿಯೊಂದನ್ನು ಅಪ್ಪ ಹೊತ್ತು ತಂದ. ಬಿರುಕಿಗೆ ಟೇಪು ಹಚ್ಚಿದೆವು. ಮೇಲೆ ಸೊಳ್ಳೆ ಪರದೆಯ ಜಾಲರಿ ಬಿಗಿದು ಸುತ್ತಲೂ ಪಟ್ಟಿ ಹೊಡೆದೆವು. 'ತಲಿ ತೂರಿತಂದ್ರ ಮೈಯೆಲ್ಲಾ ತೂರತೈತಿ' ಎಂದು ಅಪ್ಪ ಒಂದೊಂದು ಅಂಚಿಗೂ ನನ್ನ ಕಿರುಬೆರಳು ತೂರಿಸಿ ಪರೀಕ್ಷೆ ಮಾಡಿದ. ಕೆಳಗೆ ಮಣ್ಣು ಹಾಕೋಣ ಎಂದರೆ ಬೇಡವೆಂದ. ಮಣ್ಣಿನಲ್ಲಿ ಹುಳ ಇರುತ್ತವೆ, ಮರಿಗೆ ಕಾಗದವೇ ಚೊಕ್ಕ, ಹೊಲಸಾದರೆ ತಕ್ಷಣ ಕಾಣುತ್ತದೆ. ಬಚ್ಚಿಟ್ಟುಕೊಳ್ಳಲು ಕಲ್ಲಿನ ಚೂರುಗಳನ್ನು ಒಂದರ ಮೇಲೊಂದು ಇಟ್ಟು, ಮೈ ಎರಡೂ ಕಡೆ ತಾಗುವಷ್ಟು ಸಣ್ಣ ಸಂದಿ ಬಿಟ್ಟ. ಉಪ್ಪಿನಕಾಯಿ ಶೀಶೆಯ ಮುಚ್ಚಳದಲ್ಲಿ ಕುಡಿಯುವ ನೀರು. ಒಂದು ತುದಿಯ ಅಡಿಗೆ ನನ್ನ ಬಿಸಿನೀರಿನ ಚೀಲ, ಮೇಲೊಂದು ಸಣ್ಣ ಬಲ್ಬು. ಇನ್ನೊಂದು ತುದಿ ತಣ್ಣಗೆ.

'ಪೂರಾ ಬೆಚ್ಚಗ ಇಡೂಣಲ್ಲಪ್ಪಾ, ಪಾಪ ಥಂಡಿ.'

'ಹಂಗಲ್ಲವ್ವಾ. ಅದಕ ಬಿಸಿಲೂ ಬೇಕು, ನೆಳ್ಳೂ ಬೇಕು. ಯಾವಾಗ ಯಾವ್ದು ಅನ್ನೂದು ಅದರ ಮರ್ಜಿ.'

ನನ್ನ ಚೀಲ ಹಾವಿಗೆ ಹೋಯಿತು, ನನಗೆ ಕೆಮ್ಮು ಬಂತು. ಅವ್ವ ಅದನ್ನು ದಿನಕ್ಕೆ ಹತ್ತು ಸಲ ಹೇಳಿದಳು. ಆದರೂ ಆ ಕೆಲವು ವಾರಗಳೇ ನನ್ನ ಬಾಲ್ಯದ ಸುಖದ ದಿನಗಳು ಎಂದು ಇವತ್ತಿಗೂ ಅನಿಸುತ್ತದೆ. ಅಪ್ಪ ಕೆಲಸದಿಂದ ಬಂದು ತೊಟ್ಟಿಯ ಪಕ್ಕ ಗೋಣಿತಟ್ಟು ಹಾಸಿ ಕೂಡುತ್ತಿದ್ದ. ಹುರಿದ ಶೇಂಗಾ, ಬೆಲ್ಲದ ಚೂರು ಜಗಿಯುತ್ತ ಇಬ್ಬರೂ ಹಾವು-ಏಣಿ ಆಡುತ್ತಿದ್ದೆವು. ನನ್ನ ಕಾಯಿ ಹಾವಿನ ಬಾಯಿಗೆ ಬಿದ್ದಾಗೆಲ್ಲ, 'ಅದರ ತಪ್ಪೇನಿಲ್ಲ, ನೀನಾ ಹೋಗಿ ಬಿದ್ದಿ' ಎಂದು ಹಾವಿನ ಪರವೇ ವಾದ. ಮರಿ ಕಲ್ಲಿನ ಸಂದಿಯಿಂದ ಮೂತಿ ಹೊರಗೆ ಹಾಕಿದರೆ ಇಬ್ಬರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಗದಗಿನ ಬಾವಿಗಳ, ಅಟ್ಟಗಳ ಕಥೆಗಳೆಲ್ಲ ಆಗಲೇ ನಾನು ಕೇಳಿದ್ದು.

ಆದರೆ ಮರಿ ಏನೂ ತಿನ್ನಲಿಲ್ಲ. ಅಪ್ಪ ಎರೆಹುಳು ಇಟ್ಟ, ಕೋಳಿಮಾಂಸದ ಎಳೆ ಇಟ್ಟ. ಇಡುವಾಗಲೇ ಅವನಿಗೆ ಗೊತ್ತಿತ್ತು. ತೋಳ ಹಾವಿನ ಊಟ ಹಲ್ಲಿ. ಗದಗಿನ ಮನೆಯಲ್ಲಿ ಟ್ಯೂಬ್‌ಲೈಟಿನ ಹಿಂದೆ ಸದಾ ಲೊಚ್‌ಗುಟ್ಟುತ್ತಿದ್ದ, ಅವ್ವ ಕಸಬರಿಗೆ ಹಿಡಿದು ಓಡಿಸುತ್ತಿದ್ದ ಆ ಹಲ್ಲಿ ಇಲ್ಲಿ ಯಾವ ಗೋಡೆಯ ಮೇಲೂ ಇರಲಿಲ್ಲ. ಅದು ನಮ್ಮ ಗಮನಕ್ಕೆ ಬಂದದ್ದೂ ಆಗಲೇ.

ನಾನು ಹಿತ್ತಲಿನ ಬೇಲಿಯ ಬುಡದಲ್ಲಿ ಹಲಗೆ ಎತ್ತಿ ಎತ್ತಿ ಹುಡುಕಿದೆ. ಒಂದು ಭಾನುವಾರ ಸಿಕ್ಕೇಬಿಟ್ಟಿತು. ಚಳಿಗೆ ಮರಗಟ್ಟಿದ್ದ, ಹಲ್ಲಿಯ ಬಳಗದ್ದೇ ಆದ ನುಣ್ಣನೆಯ ಮೈಯ ಸಣ್ಣ ಅರಣೆ. ಅಂಗೈಯಲ್ಲಿ ಹಿಡಿದು ಓಡಿಬಂದೆ. ಅಪ್ಪ ಅದನ್ನು ತನ್ನ ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಬೇಲಿಯ ಬಳಿಗೆ ಹೋಗಿ ಅದೇ ಹಲಗೆಯ ಕೆಳಗೆ ಬಿಟ್ಟ.

'ಯಾಕಪ್ಪಾ? ಅದು ಹಸಕೊಂಡೈತಿ!' ನಾನು ಅಳತೊಡಗಿದೆ.

'ಇದು ಈ ನೆಲದ್ದಿರಬೇಕವ್ವಾ. ಇವನ್ನೂ ಇಲ್ಲಿಯವರು ಕಾದು ಇಟಗೊಂಡಾರಂತ. ಯಾವ ಜಾತಿ ಅನ್ನೂದು ನಂಗ ಗೊತ್ತಾಗವಲ್ದು. ಊರಾಗ ಹಲ್ಲಿ ಅದರ ಪಾಲಿಂದು. ಇಲ್ಲೆ ಅದಕ ಪಾಲಾ ಇಟ್ಟಿಲ್ಲ.'

ಅಪ್ಪನ ಮೇಲೆ ನನಗೆ ಬಂದಷ್ಟು ಸಿಟ್ಟು ಆಮೇಲೆ ಯಾರ ಮೇಲೂ ಬಂದಿಲ್ಲ. ಎರಡು ದಿನ ಮಾತು ಬಿಟ್ಟೆ. ಮರಿಯ ಬೆನ್ನಿನ ಮೂಳೆ ದಾರದಂತೆ ಎದ್ದು ಕಾಣತೊಡಗಿತ್ತು.

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಅದು ಜೋಕಾಲಿಯ ಹಬ್ಬ, ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಇಲ್ಲಿ ಅದೇ ದಿನ ಗಾಳಿ, ಆಲಿಕಲ್ಲು. ಅವ್ವ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ಹಿತ್ತಲಿನ ಜಿಗುಟು ಹಳದಿ ಮಣ್ಣಿನಿಂದ ಒಂದು ನಾಗಪ್ಪನನ್ನು ಮಾಡಿ ಹಲಗೆಯ ಮೇಲಿಟ್ಟಳು. ಕೊಬ್ಬರಿ ಬಟ್ಟಲಿನಿಂದ ಹಾಲೆರೆಯುತ್ತ, ನಮ್ಮಲ್ಲಿ ಎಲ್ಲರೂ ಹೇಳುವ ಹಾಗೆ, ಒಬ್ಬೊಬ್ಬರ ಪಾಲು ಹೇಳಿದಳು. ದೇವರ ಪಾಲು. ಗುರುವಿನ ಪಾಲು. ಗದಗಿನ ಅಜ್ಜಿಯ ಪಾಲು. ಅಪ್ಪನ ಪಾಲು, ನನ್ನ ಪಾಲು. ಆಮೇಲೆ ಬಟ್ಟಲು ಹಾಗೇ ಹಿಡಿದು ತುಸು ತಡೆದು ನಿಂತಳು.

'ಗ್ಯಾರೇಜಿನಾಗಿನ ಕೂಸಿನ ಪಾಲು' ಎಂದಳು.

ಅಪ್ಪ ತಲೆಯೆತ್ತಿ ನೋಡಿದ. ಅವ್ವ ಎದ್ದು, ಅದುವರೆಗೆ ಒಮ್ಮೆಯೂ ಕಾಲಿಡದಿದ್ದ ಗ್ಯಾರೇಜಿಗೆ ಹೋದಳು. ಹಾಲು ಒಯ್ಯಲಿಲ್ಲ. ಹಾವು ಹಾಲು ಕುಡಿಯುವುದಿಲ್ಲ ಎಂದು ಅಪ್ಪ ಮದುವೆಯಾದಾಗಿನಿಂದ ಹೇಳುತ್ತಿದ್ದ. ಗಾಜಿಗೆ ಮುಖ ತಂದು ನೋಡಿದಳು. ಮರಿ ಬೆಚ್ಚನೆಯ ತುದಿಯಲ್ಲಿ ಸುರುಳಿ ಸಹ ಸುತ್ತದೆ ಉದ್ದಕ್ಕೆ ಬಿದ್ದಿತ್ತು.

'ಅಯ್ಯ ಶಿವನ, ಹೆಂಗ ಬತ್ತೈತಿ. ಹಿಂಗ ಉಪವಾಸ ಕೆಡವಿ ಸಾಯಿಸೂದು ಬ್ಯಾಡ್ರೀ. ಸರಕಾರದವರಿಗೆ ಒಂದ್ ಮಾತು ಕೇಳ್ರಿ. ಎಲ್ಲೆರ ಹೊರಗಿನ ದೇಶಕ್ಕ ಕಳಸ್ತಾರೇನೋ.' ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅರ್ಜಿಯ ಮಾತು, ವಿಮಾನದ ಮಾತು ಅವಳ ಬಾಯಲ್ಲಿ ಅಂದು ಬರಲಿಲ್ಲ.

ಅಪ್ಪನೇ ಫೋನು ಮಾಡಿದ. ಮಧ್ಯಾಹ್ನ, ಹೊರದೇಶದ ಜೀವಿಗಳು ಒಳಬರದಂತೆ ಕಾಯುವ ಸರಕಾರಿ ಇಲಾಖೆಯಿಂದ ಒಬ್ಬ ನರೆಗೂದಲಿನ ಹೆಂಗಸು ಬಂದಳು. ಬಾಗಿಲಲ್ಲೇ ಬೂಟು ಬಿಚ್ಚಿ, ತೂತು ಬಿದ್ದ ಕಾಲುಚೀಲದಲ್ಲಿ ಒಳಗೆ ಬಂದಳು. ತೊಟ್ಟಿಯನ್ನು ಸುತ್ತಲೂ ನೋಡಿ, ಇಷ್ಟು ಅಚ್ಚುಕಟ್ಟಾಗಿ ಮಾಡಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಅಪ್ಪನ ಕಡೆ ಬೆರಳು ಮಾಡಿದೆ. ಬೇರೆ ದೇಶಕ್ಕೆ ಕಳಿಸಬಹುದೇ ಎಂದು ಅಪ್ಪ ನನ್ನಿಂದ ಕೇಳಿಸಿದ. ಆಕೆ ಸುಳ್ಳು ಹೇಳಲಿಲ್ಲ. ಇಲ್ಲ ಎಂದಳು. ನೋವಾಗದ ಹಾಗೆ ಕೊಲ್ಲುತ್ತೇವೆ, ಅದು ಇವತ್ತೇ ಆಗುತ್ತದೆ ಎಂದಳು.

ಅಪ್ಪನಿಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ಆದರೂ ಕನ್ನಡದಲ್ಲಿ ಬೇರೆ ಉತ್ತರ ಬರಬಹುದು ಎನ್ನುವವನ ಹಾಗೆ ನನ್ನ ಮುಖ ನೋಡಿದ.

'ಕೊಲ್ತಾರಂತ, ಅಪ್ಪಾ.'

'ನಾನಾ ಚೀಲಕ್ಕ ಹಾಕ್ತೀನಿ ಅಂತ ಹೇಳವ್ವಾ' ಎಂದ.

ಅವ್ವನ ಹಳೆಯ ದಿಂಬಿನ ಚೀಲವನ್ನು ಒಳಗೆ ಹೊರಗೆ ಮಗುಚಿ, ಹೊಲಿಗೆಯ ದಾರಕ್ಕೆ ಮರಿ ಸಿಕ್ಕಿಕೊಳ್ಳದಂತೆ ನೋಡಿಕೊಂಡ. ಜಾಲರಿ ತೆಗೆದು ಎರಡು ಬೆರಳಿನಿಂದ ಅದನ್ನು ಎತ್ತಿದ. ಮರಿ ಅವನ ಕಿರುಬೆರಳಿಗೆ ಒಂದು ಸುತ್ತು ಸುತ್ತಿತು. ಅದನ್ನು ಬಿಡಿಸಲು ಅಪ್ಪ ಅವಸರ ಮಾಡಲಿಲ್ಲ. ಅದು ತಾನಾಗಿಯೇ ಸುತ್ತು ಸಡಿಲಿಸಿದ ಮೇಲೆ ಚೀಲದೊಳಗೆ ಇಳಿಸಿ, ಬಾಯಿ ತಿರುಚಿ ಗಂಟು ಹಾಕಿ ಆಕೆಯ ಕೈಗೆ ಕೊಟ್ಟ. ನೀವು ಸರಿಯಾದ ಕೆಲಸ ಮಾಡಿದಿರಿ ಎಂದಳು ಆಕೆ. ಹಬ್ಬದ ದಿನ ಬಂದವರನ್ನು ಬರಿಗೈಲಿ ಕಳಿಸುವುದು ಹೇಗೆಂದು ಅವ್ವ ಎರಡು ಉಂಡಿ ಕೊಟ್ಟಳು. ಆಕೆ ಒಂದನ್ನು ಅಲ್ಲೇ ತಿಂದು, ತುಂಬಾ ಚೆನ್ನಾಗಿದೆ ಎಂದು ಕಣ್ಣು ತಗ್ಗಿಸಿ ಹೇಳಿದಳು. ಅಪ್ಪ ಆ ದಿನ ಏನೂ ತಿನ್ನಲಿಲ್ಲ.

ನಮಗೇನೂ ತೊಂದರೆಯಾಗಲಿಲ್ಲ. ಎಚ್ಚರಿಕೆ ಕೊಟ್ಟು ಬಿಟ್ಟರು. ಮರುವರ್ಷ ಇಲ್ಲೇ ಉಳಿಯುವ ಪರವಾನಗಿ ಬಂತು. ಅವ್ವ ಹೋಳಿಗೆ ಮಾಡಿದಳು. ಅಪ್ಪ ಕಲ್ಲಿನ ಕೆಲಸ ಬಿಟ್ಟು ಟೌರಂಗಾ ಊರಿನ, ಕಿವಿ ಹಣ್ಣು ಪೆಟ್ಟಿಗೆಗೆ ತುಂಬುವ ಪ್ಯಾಕ್‌ಹೌಸಿಗೆ ಸೇರಿದ. ಗದಗಿನಿಂದ ಯಾರಾದರೂ ಫೋನಿನಲ್ಲಿ, 'ಈರಣ್ಣಾ, ನಿನ್ನೆ ಏನಂಥಾ ನಾಗರ ಬಂದಿತ್ತು ಅಂತಿ!' ಎಂದು ಶುರು ಮಾಡಿದರೆ ಮಳೆ ಬೆಳೆಯ ಮಾತಿಗೆ ತಿರುಗಿಸುತ್ತಿದ್ದ. ಬಾವಿಯ, ಅಟ್ಟದ ಕಥೆಗಳನ್ನು ಅವನು ಮತ್ತೆ ಹೇಳಲೇ ಇಲ್ಲ. ಅರ್ಧ ಮಾತ್ರ ಕೇಳಿದ್ದ ಎಷ್ಟೋ ಕಥೆಗಳ ಕೊನೆ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಅಪ್ಪ ಅವ್ವ ಇಬ್ಬರೂ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿದ್ದಾರೆ. ಗೋಡೆಗಳು ಬೆಚ್ಚಗಿವೆ, ಕಿಟಕಿ ಅಳುವುದಿಲ್ಲ, ಯಾರಿಗೂ ಕೆಮ್ಮಿಲ್ಲ. ಸುಖಕ್ಕೆ ಕೊರತೆಯೇನೂ ಇಲ್ಲ ಎಂದೇ ಹೇಳಬೇಕು. ಹೋದ ವಾರ ನನ್ನ ಆರು ವರ್ಷದ ಮಗಳು ಶಾಲೆಯಿಂದ ಬಂದವಳೇ ಅಜ್ಜನ ತೊಡೆ ಏರಿದಳು. ನಮ್ಮ ದೇಶದಲ್ಲಿ ಹಾವೇ ಇಲ್ಲ ಎಂದು ಅಂದು ಪಾಠವಾಗಿತ್ತಂತೆ. ಕನ್ನಡ ಅವಳಿಗೆ ತಿಳಿಯುತ್ತದೆ, ನಾಲಿಗೆಗೆ ಬರುವುದು ಇಂಗ್ಲಿಷೇ.

'ಅಜ್ಜಾ, ಹ್ಯಾವ್ ಯೂ ಎವರ್ ಸೀನ್ ಎ ಸ್ನೇಕ್? ಎ ರಿಯಲ್ ಒನ್?'

ಅವ್ವ ತೊಳೆಯುತ್ತಿದ್ದ ಪಾತ್ರೆ ಹಾಗೇ ಹಿಡಿದು ತಿರುಗಿದಳು. ಅಪ್ಪ ಮೊಮ್ಮಗಳ ಕೂದಲು ಸರಿಮಾಡಿದ.

'ಇಲ್ಲವ್ವಾ' ಎಂದ. 'ನಾ ಒಂದೂ ನೋಡಿಲ್ಲ.'