ತಿರುವಿದ ಮೂಲೆ

ಬೆಳಿಗ್ಗೆ ನಳ ಬಂತು, ಕೊಡಗಳನ್ನೂ ಹಿತ್ತಲಿನ ಡ್ರಮ್ಮನ್ನೂ ತುಂಬಿಸಿಕೊಂಡೆ. ಗುರೆಳ್ಳು ಹುರಿದು ಚಟ್ನಿಪುಡಿ ಕುಟ್ಟಿದೆ. ದಿಂಬಿನ ಚೀಲಗಳನ್ನು ಒಗೆದು ಮಾಳಿಗೆಯ ಮೇಲೆ ಹರವಿದೆ. ಹಾಲಿನವನಿಗೆ ನಾಳೆ ಸ್ವಲ್ಪ ಜಾಸ್ತಿ ಹಾಕಲು ಹೇಳಿದೆ. ಮಧ್ಯಾಹ್ನ ಅತ್ತೆಯ ಟ್ರಂಕನ್ನು ಮಂಚದ ಕೆಳಗಿನಿಂದ ಎಳೆದು, ಒಳಗಿನ ರೂಬಿಕ್ ಕ್ಯೂಬುಗಳನ್ನು ಒಂದೊಂದಾಗಿ ಒಣ ಅರಿವೆಯಿಂದ ಒರೆಸಿ, ಅವರು ಇಟ್ಟಿದ್ದ ಹಾಗೆಯೇ ಮತ್ತೆ ಇಟ್ಟೆ. ಸಂಜೆ ಚಹಾ ಆದ ಮೇಲೆ, ಟ್ರಂಕಿಗೆ ಸೇರದ ಒಂದೇ ಒಂದು ಕ್ಯೂಬನ್ನು ಕಿಟಕಿಯಿಂದ ತೆಗೆದು, ಬಣ್ಣಗಳನ್ನು ಚೆನ್ನಾಗಿ ಕಲಸಿ, ಕಾಕಾನ ಕೈಗೆ ಕೊಟ್ಟೆ.

ಈ ಕೊನೆಯ ಕೆಲಸ ಅತ್ತೆ ನನಗೆ ವಹಿಸಿ ಹೋದದ್ದು.

ಅತ್ತೆಯ ಬಲಗೈ ತೋರುಬೆರಳಿನ ತುದಿ ಒಳಕ್ಕೆ ಬಾಗಿತ್ತು. ಇಳಕಲ್ಲಿನ ತವರಿನಲ್ಲಿ, ಮಗ್ಗದ ಮೇಲೆ ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಹಾಕಿ ಹಾಗಾದ ಬೆರಳು. ಮದುವೆಯಾಗಿ ಬಾಗಲಕೋಟೆಗೆ ಬಂದ ಮೇಲೆ ಆ ಬೆರಳಿಗೆ ಅಂಥ ಕೆಲಸವೇನೂ ಇರಲಿಲ್ಲ. ಮಾವನವರು ತೀರಿಕೊಂಡ ವರ್ಷ ನನ್ನ ಮಗಳು ಸಾಲಿಯಿಂದ, ಪದರ ತಿರುಗಿಸಿ ಬಣ್ಣ ಕೂಡಿಸುವ ಒಂದು ಕ್ಯೂಬು ತಂದು, ಬೇಸರವಾಗಿ ಮೂಲೆಗೆ ಎಸೆದಳು. ಅತ್ತೆ ಅದನ್ನು ಎತ್ತಿಕೊಂಡರು. ಬಾಗಿದ ಬೆರಳು ಮೇಲಿನ ಪದರಕ್ಕೆ ಕೊಕ್ಕೆಯ ಹಾಗೆ ಸಿಕ್ಕಿ, ಟಿಕ್ ಎಂದು ಎಳೆಯಿತು. ಆಮೇಲೆ ನಮ್ಮ ಮನೆಯಲ್ಲಿ ಆ ಟಿಕ್ ಟಿಕ್ ನಿಲ್ಲಲೇ ಇಲ್ಲ.

ಮೊಬೈಲಿನಲ್ಲಿ ವಿಡಿಯೋ ಹಚ್ಚಿ, ದನಿ ಪೂರಾ ತೆಗೆದು, ಬರೀ ಕೈಗಳನ್ನು ನೋಡಿ ಕಲಿತರು. ಮಾತು ಯಾಕೆ ಬೇಡ ಅಂದರೆ, "ಬಾಯಿ ಮಾಡೂದಲ್ಲ ಇದು, ಕೈ ಮಾಡೂದು" ಅನ್ನುತ್ತಿದ್ದರು. ಸೊಪ್ಪು ಸೋಸುವಾಗಲೂ ತುಟಿಯಲ್ಲಿ ಅದೇ ಜಪ: "ಬಲಕಿನ್ದು ಮ್ಯಾಲ, ಮ್ಯಾಲಿಂದು ಎಡಕ, ಬಲಕಿನ್ದು ಕೆಳಗ, ಮ್ಯಾಲಿಂದು ಬಲಕ." ಮೊದಲ ಕ್ಯೂಬಿಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟು, ಅದರ ಪ್ಲಾಸ್ಟಿಕ್ಕು ಬಿರಿದು ಹಾಳಾಯಿತು. ಅದನ್ನೂ ಎಸೆಯಲಿಲ್ಲ. ನೆನಪಿಗಿರಲಿ ಎಂದು ಸಾಲಿನ ಮೊದಲಿಗೆ ಇಟ್ಟರು. ಬನಶಂಕರಿಗೆ ಹೋದಾಗ ಬಾದಾಮಿ ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡ ಕೀಲಿಗೊಂಚಲಿನ ಸಣ್ಣ ಕ್ಯೂಬು, ಪಿರಮಿಡ್ಡಿನ ಆಕಾರದ್ದು, ಬೇರೆ ಬೇರೆ ಬಣ್ಣವಿಲ್ಲದೆ ಬರೀ ದಪ್ಪ ತೆಳುವಿನ ಮೇಲೆ ಹೊಂದಿಸುವ ಬೆಳ್ಳಿ ಬಣ್ಣದ್ದು, ಹೀಗೆ ಬೀದಿಕಡೆಯ ಖೋಲಿಯ ಗೋಡೆಯ ಹಲಗೆ ತುಂಬಿತು. ವಿದ್ಯಾಗಿರಿಯ ನಮ್ಮ ಓಣಿಯ ಮಕ್ಕಳು ಸಾಲಿ ಬಿಟ್ಟೊಡನೆ ಅವರ ಜೊತೆ ಪಂದ್ಯಕ್ಕೆ ಬರುತ್ತಿದ್ದರು. ಗೆದ್ದವರಿಗೆ ಶೇಂಗಾ ಉಂಡಿ. ಬಹುತೇಕ ಅತ್ತೆಯೇ ಗೆದ್ದು, ತಮ್ಮ ಉಂಡಿಯನ್ನು ತಾವೇ ತಿನ್ನುತ್ತಿದ್ದರು. ಮಕ್ಕಳೆಂದು ಸೋತುಕೊಡುವ ಹೆಂಗಸಲ್ಲ.

ಮರೆಯುವ ಹೆಂಗಸೂ ಅಲ್ಲ. ನಾನು ಈ ಮನೆಗೆ ಬಂದ ಹೊಸತರಲ್ಲಿ ಕಾಕಾ, ಅಂದರೆ ನಮ್ಮ ಜೊತೆಯೇ ಇರುವ ಮಾವನವರ ತಮ್ಮ, ಊಟದ ಪಂಕ್ತಿಯಲ್ಲಿ ನಾನು ತಟ್ಟಿದ, ತೂತು ಬಿದ್ದ ರೊಟ್ಟಿಯನ್ನು ಎತ್ತಿ ಎಲ್ಲರಿಗೂ ತೋರಿಸಿ, "ಇದರಾಗ ಕಿಡಿಕಿ ಬ್ಯಾರೆ ಇಟ್ಟಾಳ ನೋಡ್ರಿ, ಗಾಳಿ ಭಾಳ ಬರ್ತದ" ಎಂದು ನಗಿಸಿದ್ದರು. ನಾನು ಅಡುಗೆಮನೆಯಲ್ಲಿ ಕಣ್ಣೀರು ಹಾಕಿದೆ. ಮರುದಿನದಿಂದ ಹಂಚು ಸರಿಯಾಗಿ ಕಾಯುವ ಮೊದಲೇ ಬೇಯಿಸಿದ, ಹಸಿಹಸಿಯಾದ ಮೊದಲ ರೊಟ್ಟಿ ಕಾಕಾನ ತಾಟಿಗೆ ಹೋಗತೊಡಗಿತು. ವರ್ಷಗಟ್ಟಲೆ ಹೋಯಿತು. "ಹಿರೇರಿಗೆ ಮೊದಲು ನೀಡಬೇಕವಾ" ಎಂದು ಅತ್ತೆ ನನ್ನ ಕಡೆ ನೋಡದೆ ಹೇಳುತ್ತಿದ್ದರು. ಆ ಉಪಕಾರವನ್ನು ನಾನು ಮರೆತಿಲ್ಲ.

ಬೀದಿಕಡೆಯ ಖೋಲಿಯ ಮೇಲೆ ಕಾಕಾನಿಗೆ ಬಹಳ ದಿನದಿಂದ ಕಣ್ಣಿತ್ತು. ರಿಟೈರಾದ ಮೇಲೆ ಬಂದು ಹೋಗುವವರ ಜೊತೆ ಕೂತು ಮಾತಾಡಲು ಬೈಠಕ್ ಬೇಕಂತೆ. ಕೇಳಿದರೆ ಅತ್ತೆ ಕೊಡುವವರಲ್ಲ. ಹಾಗಾಗಿ ಕಾಕಾ ತಮ್ಮ ಮಗಳ ನಿಶ್ಚಯದ ದಿನ, ಬೀಗರು ಹುಣಗುಂದದಿಂದ ಬಂದು ಕೂತಿದ್ದಾಗ, ಒಳಗಿನಿಂದ ಒಂದು ಕ್ಯೂಬು ತಾವೇ ಕಲಸಿ ತಂದರು.

"ವೈನಿ, ಬೀಗರ ಮುಂದ ನಿಮ್ಮ ಆಟ ಒಮ್ಮೆ ತೋರಸ್ರಿ. ಕೂಡಿಸಿದ್ರ ಆ ಖೋಲಿ ನಿಮಗ ಖಾಯಂ. ಕೂಡದಿದ್ರ ನನಗ. ಏನಂತೀರಿ?"

"ಒಪ್ಪಿದೆ" ಎಂದು ಅತ್ತೆ ನಕ್ಕು ಕೈಚಾಚಿದರು.

ಬೆರಳುಗಳು ಓಡಿದವು. ಬೀಗರ ಮನೆಯ ಹುಡುಗಿಯರು ಬಾಯಿ ತೆರೆದು ನೋಡುತ್ತಿದ್ದರು. ಎಲ್ಲ ಬಣ್ಣವೂ ಕೂಡಿತು, ಒಂದು ಮೂಲೆಯ ಹೊರತು. ಆ ಮೂಲೆಯ ಬಿಲ್ಲೆ ತನ್ನ ಜಾಗದಲ್ಲೇ ಇತ್ತು, ಆದರೆ ಅದರ ಬಿಳಿ ಮೇಲೆ ಇರುವ ಬದಲು ಮಗ್ಗುಲಿಗಿತ್ತು. ಅತ್ತೆ ಕೆಡಿಸಿ ಮತ್ತೆ ಕೂಡಿಸಿದರು. ಮತ್ತೆ ಅದೇ. ಆಗ ಕ್ಷಣಹೊತ್ತು ಕಣ್ಣೆತ್ತಿ ಕಾಕಾನನ್ನು ನೋಡಿದರು. ಕಾಕಾ ಬೀಗರಿಗೆ ಅಡಿಕೆಯ ತಟ್ಟೆ ಸರಿಸುತ್ತಿದ್ದರು.

"ಆತು," ಎಂದರು ಅತ್ತೆ. "ಖೋಲಿ ನಿಮ್ದು."

"ವಯಸ್ಸಾತಲ್ರಿ ವೈನಿ, ಕೈ ನಡುಗ್ತಾವ," ಎಂದು ಕಾಕಾ ನಕ್ಕರು. ಬೀಗರೂ ಮರ್ಯಾದೆಗೆ ನಕ್ಕರು.

ಹಲಗೆ ಕಿತ್ತು, ಕ್ಯೂಬುಗಳು ಟ್ರಂಕು ಸೇರಿ, ಟ್ರಂಕು ಮಂಚದ ಕೆಳಗೆ ಹೋದ ದಿನ ನನ್ನ ಮಗಳು ಆ ಕ್ಯೂಬನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಅಜ್ಜಿ, ಆಡಿ ಆಡಿ ಒಂದ ಮೂಲಿ ಹಿಂಗ ಆಗಂಗಿಲ್ಲ. ಹೆಬ್ಬೆಟ್ಟು ಒತ್ತಿ ಯಾರೋ ಬೇಕಂತ ತಿರುವ್ಯಾರ. ಹಂಗ ತಿರುವಿದ್ರ ಯಾರ ಕೈಲೂ ಕೂಡಂಗಿಲ್ಲ." ಆಮೇಲೆ ಮುಖ ಸಣ್ಣ ಮಾಡಿ, "ಇದನ್ನ ನಾನ ಕಾಕಾಅಜ್ಜಗ ತೋರಿಸಿದ್ದೆ, ಚಾಷ್ಟಿಗೆ" ಅಂದಳು.

"ಗೊತ್ತೈತಿ," ಎಂದರು ಅತ್ತೆ. "ಎರಡನೇ ಸರ್ತಿಗೇ ಗೊತ್ತಾತು."

"ಮತ್ತ ಅಲ್ಲೇ ಯಾಕ ಹೇಳ್ಲಿಲ್ಲ ಅತ್ತಿ?" ನನಗೆ ತಡೆಯಲಾಗಲಿಲ್ಲ.

"ನಿಶ್ಚಯದಾಗ, ಬೀಗರ ಮುಂದ, ಕೂಸಿನ ಅಪ್ಪ ಮೋಸಗಾರ ಅಂತ ಹೇಳ್ಲೇನು? ಕೂಸು ಏನ್ ಮಾಡೇತಿ?" ಮಗಳು ಮೂಲೆಯನ್ನು ಸರಿಮಾಡಲು ಹೆಬ್ಬೆರಳಿಟ್ಟಾಗ ಅತ್ತೆ ಕ್ಯೂಬು ಕಸಿದುಕೊಂಡರು. "ಬ್ಯಾಡ. ಹಂಗ ಇರ್ಲಿ. ಮಾಡಿದಂವಾ ತನ್ನ ಬಾಯಿಲೆ ಹೇಳ್ಬೇಕು." ಹಳೇ ಸೀರೆಯ ಅಂಚಿನ ತುಂಡಿನಲ್ಲಿ ಅದನ್ನು ಸುತ್ತಿ ಇಟ್ಟರು.

ಕಾಕಾನ ಮಗಳ ಮದುವೆಯಾಗಿ, ಮೊಮ್ಮಗಳೂ ಹುಟ್ಟಿದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಲಗೈಯ ಬಲ ಹೋಯಿತು. ದವಾಖಾನೆಯಲ್ಲಿ ಬೆರಳಿಗೆ ಏನಾದರೂ ಕೆಲಸ ಕೊಡುತ್ತಿರಿ ಅಂದರು. ಮನೆಗೆ ಬಂದ ಸಂಜೆಯೇ ಅತ್ತೆ ಸೀರೆಯಂಚಿನ ಗಂಟು ಬಿಚ್ಚಿದರು.

"ಬರ್ರಿ, ನಾ ಕಲಿಸ್ತೇನಿ."

ಅಷ್ಟು ತಾಳ್ಮೆಯಿಂದ ಕಲಿಸಿದ್ದನ್ನು ನಾನು ಎಲ್ಲೂ ಕಂಡಿಲ್ಲ. ಬೀದಿಕಡೆಯ ಖೋಲಿಯಲ್ಲಿ, ಹಲಗೆ ಕಿತ್ತ ಮೊಳೆಗಳ ತೂತು ಹಾಗೇ ಇರುವ ಗೋಡೆಗೆ ಎದುರಾಗಿ ಕಾಕಾನನ್ನು ಕೂರಿಸಿ, ದಿನಾ ಚಹಾ ಆದ ಮೇಲೆ ಒಂದೊಂದೇ ಹೆಜ್ಜೆ. "ಶಾಬಾಸ್" ಅನ್ನುತ್ತಿದ್ದರು. ಬೆರಳು ಸೋತರೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಕಾಕಾ ಬಂದವರ ಮುಂದೆ, "ವೈನಿ ಅಂದ್ರ ತಾಯಿ ಇದ್ದಂಗ ನೋಡ್ರಿ" ಎಂದು ಕಣ್ಣು ಒರೆಸಿಕೊಂಡದ್ದೂ ಉಂಟು. ಪೂರಾ ಮಳೆಗಾಲ ಕಳೆದು ಕಾಕಾ ಕಡೆಯ ಹೆಜ್ಜೆಗೆ ಬಂದರು. ಎಲ್ಲ ಕೂಡಿತು. ಒಂದು ಮೂಲೆ ಕೂಡಲಿಲ್ಲ.

ಕಾಕಾ ಆ ಮೂಲೆಯನ್ನು ನೋಡಿದರು. ಅತ್ತೆಯನ್ನು ನೋಡಿದರು. ಅವರ ಕಿವಿ ಕೆಂಪಗಾದದ್ದನ್ನು ಬಾಗಿಲಲ್ಲಿ ನಿಂತು ನಾನೂ ನೋಡಿದೆ.

"ಎಲ್ಲೋ ತಪ್ಪೇತಿ," ಎಂದರು ಅತ್ತೆ. "ಮತ್ತ ಮೊದಲಿಂದ."

ಮೂಲೆ ತಿರುವಿದ್ದೀರಿ ಎಂದು ಕಾಕಾ ಅನ್ನಬೇಕಾದರೆ ಆ ವಿದ್ಯೆ ತನಗೆ ಗೊತ್ತು ಎಂದು ಒಪ್ಪಬೇಕು. ಒಪ್ಪಿದರೆ ನಿಶ್ಚಯದ ದಿನ ಬಿಚ್ಚಿಕೊಳ್ಳುತ್ತದೆ. ತಾನೇ ಒತ್ತಿ ಸರಿಮಾಡಲು ಆ ಕೈಯಲ್ಲಿ ಕಸುವಿಲ್ಲ. ಆಟ ಬಿಡುತ್ತೇನೆ ಅಂದರೆ ಹೆಂಡತಿ, ನಮ್ಮ ಕಾಕಿ, ಬಿಡುವುದಿಲ್ಲ, "ಡಾಕ್ಟರು ಹೇಳ್ಯಾರ, ಮಾಡ್ರಿ" ಎಂದು ಬೆನ್ನು ಹತ್ತುತ್ತಾರೆ. ಮಗಳು ಫೋನು ಮಾಡಿದಾಗಲೆಲ್ಲ, "ಪಪ್ಪಾ, ಕೂಡಿತೇನು?" ಅಂತ ಕೇಳುತ್ತಾಳೆ. ಅತ್ತೆ ಕೊಂಡಿ ಹಾಕಿದ್ದರು. ಒಂದೆಳೆಯೂ ಜಾರುವ ಹಾಗಿರಲಿಲ್ಲ.

ಹೋದ ವರ್ಷ ಅತ್ತೆ ಹಾಸಿಗೆ ಹಿಡಿದರು. ಕಡೆಯ ವಾರ ಮಾತು ಕಡಿಮೆಯಾಗಿತ್ತು, ಬಾಗಿದ ಬೆರಳು ಮಾತ್ರ ಹೊದಿಕೆಯ ಮೇಲೆ ಟಿಕ್ ಟಿಕ್ ಆಡುತ್ತಿತ್ತು. ಒಂದು ಮುಂಜಾನೆ ಗಂಜಿ ಕುಡಿಸುವಾಗ ನನ್ನ ಮುಂಗೈ ಹಿಡಿದರು.

"ಆ ಮೂಲಿ ತಿರುವಬ್ಯಾಡ. ಅಂವಾ ಹೇಳಿದ ದಿನ ತಿರುವು. ಹೇಳಿದ್ರ ಮತ್ತ ತಡಾ ಮಾಡಬ್ಯಾಡ."

"ಹೇಳ್ಲಿಲ್ಲಂದ್ರ ಅತ್ತಿ?"

"ಆಡ್ಲಿ ತಗೋ. ಕೈಗೆ ಚಲೋ ಅದು."

ಗಂಜಿ ಪೂರಾ ಕುಡಿದರು. ಮರುದಿನ ಹೋದರು. ಮಣ್ಣಿಗೆ ಬಂದ ಕಾಕಾ ಎಲ್ಲರಿಗಿಂತ ಹೆಚ್ಚು ಅತ್ತರು. ಆ ಕಣ್ಣೀರು ಖರೆ ಅನಿಸಿತು. ಆದರೆ ಅತ್ತೆ ಕೇಳಿದ್ದು ಕಣ್ಣೀರನ್ನಲ್ಲ.

ಇವತ್ತು ಸಂಜೆ ಕಾಕಾ ಬೇಗ ಬೇಗ ಕೂಡಿಸಿದರು. ಕೈ ಈಗ ಎಷ್ಟೋ ಸುಧಾರಿಸಿದೆ, ಮೂಲೆ ಒತ್ತಿ ತಿರುವುವಷ್ಟು ಕಸುವು ಮಾತ್ರ ಇನ್ನೂ ಬಂದಿಲ್ಲ. ಕಡೆಯ ಮೂಲೆಗೆ ಬಂದು ನಿಂತು, ಬಹಳ ಹೊತ್ತು ಗೋಡೆಯ ತೂತುಗಳನ್ನು ನೋಡಿದರು. ಆಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, "ಈ ಮೂಲಿ ಯಾರೋ ತಿರುವ್ಯಾರವಾ" ಎಂದರು.

ಕ್ಯೂಬು ಇಸಿದುಕೊಂಡು ಮೂಲೆಯ ಮೇಲೆ ಹೆಬ್ಬೆರಳಿಟ್ಟೆ.

"ಹೌದೇನ್ರಿ ಕಾಕಾ? ತಿರುವಿದ್ರ ಕೂಡಂಗಿಲ್ಲ ಅನ್ನೂದು ನಿಮಗ ಹ್ಯಾಂಗ ಗೊತ್ತಾತ್ರಿ?"

ಅವರ ತುಟಿ ಅಲುಗಿತು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ಅವನು ಓಣಿ ದಾಟುವವರೆಗೂ ನಾನು ಹೆಬ್ಬೆರಳು ತೆಗೆಯಲಿಲ್ಲ.

"ಏನಿಲ್ಲ ಬಿಡು," ಎಂದರು ಕಾಕಾ. "ನಂದ ಎಲ್ಲೋ ತಪ್ಪಿರಬೇಕು."

"ಹಂಗಾರ ಮೊದಲಿಂದ ಮಾಡ್ರಿ," ಎಂದು ಕಲಸಿ ಕೊಟ್ಟೆ.

ರಾತ್ರಿ ಸಜ್ಜಿ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳಿಗ್ಗೆ ಕುಟ್ಟಿದ ಗುರೆಳ್ಳು ಚಟ್ನಿ, ಮೊಸರು. ಮೊದಲ ರೊಟ್ಟಿ ಕಾಕಾನಿಗೆ ಹಾಕಿದೆ. ನನ್ನ ಗಂಡ, ಮಗಳು, ಕಾಕಿ ಎಲ್ಲರೂ ಮಲಗಿದರು. ಮೊದಲು ಮಲಗಿದವರು ಕಾಕಿ. ಬೀದಿಕಡೆಯ ಖೋಲಿಯಲ್ಲಿ ಇನ್ನೂ ದೀಪ ಇದೆ, ಟಿಕ್ ಟಿಕ್ ಕೇಳುತ್ತಿದೆ. ನನಗೆ ಒಳ್ಳೆಯ ನಿದ್ದೆ ಬರುತ್ತಿದೆ.