ಬೋಕಿಯಣ್ಣ ಕುಟ್ಟಿದ ಬೇರು

ನಮ್ಮ ಪ್ರಯೋಗಾಲಯದಲ್ಲಿ ಎಲ್ಲರೂ ಅವನನ್ನು ಬೋಕಿಯಣ್ಣ ಎಂದೇ ಕರೆಯುತ್ತಿದ್ದರು. ನೆಲ ಅಗೆದು ಸಂಶೋಧಿಸುವವರು ಕಳಿಸುವ ಪ್ರಾಚೀನ ಮಡಕೆ ಚೂರುಗಳನ್ನು, ಅಂದರೆ ಬೋಕಿಗಳನ್ನು, ಇಪ್ಪತ್ತಾರು ವರ್ಷ ಕುಟ್ಟಿ ಪುಡಿ ಮಾಡಿದವನು. ಒಂದು ಚಿಟಿಕೆ ಪುಡಿಯನ್ನು ಪುಟ್ಟ ಡಬ್ಬಿಯಲ್ಲಿ ಮುಚ್ಚಿ ರಿಯಾಕ್ಟರಿಗೆ ಇಳಿಸುತ್ತೇವೆ. ನ್ಯೂಟ್ರಾನುಗಳ ಹೊಡೆತ ತಿಂದು ಹೊರಬಂದ ಮೇಲೆ ಅದು ಸೂಸುವ ಕಿರಣಗಳನ್ನು ಅಳೆದರೆ ಯಾವ ಧಾತು ಎಷ್ಟಿದೆಯೆಂದು ತಿಳಿಯುತ್ತದೆ. ಔಷಧಿಯ ಗಿಡಗಳಿಗೂ ಇದೇ ಪರೀಕ್ಷೆ.

ನಮ್ಮಲ್ಲಿ ಕುಟ್ಟಾಣಿ ಎರಡು. ಬೋಕಿಗೆ ಗಟ್ಟಿ ಲೋಹದ್ದು, ಗಿಡಕ್ಕೆ ನುಣುಪು ಕಲ್ಲಿನದು. ಲೋಹದ್ದು ತಾನೂ ಸವೆದು ಪುಡಿಗೆ ತನ್ನೊಳಗಿನ ಟಂಗ್‌ಸ್ಟನ್ ಎಂಬ ಲೋಹ ಬೆರೆಸುತ್ತದೆ. ಬೋಕಿಯ ಲೆಕ್ಕದಲ್ಲಿ ಅದನ್ನು ಬಿಟ್ಟುಬಿಡುತ್ತೇವೆ. ಹೊಸಬರು ಅದಲುಬದಲು ಮಾಡಿದರೆ ಬೋಕಿಯಣ್ಣ, "ಸೂಜಿ ಕೆಲಸಕ್ಕೆ ಹಾರೆ ತಗೊಂಡ್ಯಲ್ಲೋ, ಜಾಣ!" ಎಂದು ಜಾಡಿಸುತ್ತಿದ್ದ.

ಒಂದು ಸೋಮವಾರ ಆರೋಗ್ಯ ಇಲಾಖೆಯಿಂದ, ಯಾವುದೋ ಕಷಾಯದಲ್ಲಿ ನೆನೆಸಿ ಒಣಗಿಸಿದ ಒಂದು ಬೇರು ಬಂತು. ಕೀಲುನೋವಿಗೆ ಅದರ ಪುಡಿ ಕೊಡುವ ಹೆಂಗಸೊಬ್ಬಳ ಅಂಗಡಿಯಿಂದ ತಂದದ್ದು; ತಿಂದವರಿಗೆ ಕೈಕಾಲು ಜೋಮು ಹಿಡಿಯುತ್ತದೆಂದು ದೂರು. ಹೆಸರಿರಲಿಲ್ಲ, ನಂಬರು ಮಾತ್ರ. ಪೊಟ್ಟಣದ ದಾರದ ಗಂಟು ನೋಡಿಯೇ ಬೋಕಿಯಣ್ಣನಿಗೆ ಗೊತ್ತಾಯಿತು, ಅದು ಅಕ್ಕನದೆಂದು. ಆ ಪುಡಿ ಮಾರಿಯೇ ಅವನನ್ನು ಸಾಕಿ ಓದಿಸಿದ ಅಕ್ಕ. ಅವನ ಹೆಂಡತಿಯೂ ಮೂರು ವರ್ಷದಿಂದ ಅದನ್ನೇ ನುಂಗುತ್ತಿದ್ದಳು. ಸಂಬಂಧಿಕರ ಸ್ಯಾಂಪಲ್ ಮುಟ್ಟಬಾರದೆಂಬುದು ನಮ್ಮ ನಿಯಮ. ಅವನು ಬಾಯಿ ಬಿಡಲಿಲ್ಲ. ಗಾಬರಿಯಲ್ಲಿ ಬೇರನ್ನು ಲೋಹದ ಕುಟ್ಟಾಣಿಗೆ ಹಾಕಿ ಕುಟ್ಟಿದ.

ಫಲಿತಾಂಶದಲ್ಲಿ ಟಂಗ್‌ಸ್ಟನ್ ಬೆಟ್ಟದಂತೆ ನಿಂತಿತ್ತು. "ಲೋಹದ ಪುಡಿ ಬೆರೆಸಿ ಮಾರ್ತಾಳೆ, ಮಹಾತಾಯಿ," ಎಂದರು ಇಲಾಖೆಯವರು. ನಾನು ಕುಟ್ಟಾಣಿಯನ್ನು ಅನುಮಾನಿಸಬೇಕಿತ್ತು. ಕುಟ್ಟಿದವನು ಬೋಕಿಯಣ್ಣನಲ್ಲವೇ ಎಂಬ ನಂಬಿಕೆಯಲ್ಲಿ ಅನುಮಾನಿಸಲಿಲ್ಲ. ಅದು ನನ್ನ ತಪ್ಪು. ವರದಿಗೆ ಸಹಿ ಹಾಕುವ ಹೊತ್ತಿಗೆ ಅವನು ಬಾಗಿಲಲ್ಲಿ ನಿಂತಿದ್ದ.

"ಸಹಿ ಹಾಕ್ಬೇಡಿ ಮೇಡಂ. ಕುಟ್ಟಾಣಿ ತಪ್ಪಾಗಿದೆ."

"ಇಪ್ಪತ್ತಾರು ವರ್ಷ ಆಗದ್ದು ಈಗ ಹೇಗಾಯ್ತಯ್ಯಾ?"

"ಅದು ನಮ್ಮಕ್ಕನ ಬೇರು. ಅವಳು ಏನೂ ಬೆರೆಸಲ್ಲ. ಇನ್ನೊಂದ್ಸಲ ಮಾಡಿ, ಅವಳ ಮರ್ಯಾದೆ ಉಳಿಯತ್ತೆ. ನನ್ನ ಕೆಲಸ ಹೋದ್ರೆ ಹೋಗ್ಲಿ."

ಉಳಿದ ಬೇರನ್ನು ಕಲ್ಲಿನ ಕುಟ್ಟಾಣಿಯಲ್ಲಿ ನಾನೇ ಅರೆದು ಮತ್ತೆ ಪರೀಕ್ಷಿಸಿದೆ. ಟಂಗ್‌ಸ್ಟನ್ ಮಾಯವಾಯಿತು. ಅದರ ಅಬ್ಬರದಲ್ಲಿ ಮುಚ್ಚಿಹೋಗಿದ್ದ ಇನ್ನೊಂದು ಗುರುತು ತಲೆಯೆತ್ತಿತ್ತು: ಆರ್ಸೆನಿಕ್. ನಮ್ಮ ಮಾತಿನಲ್ಲಿ ಪಾಷಾಣ. ಅಕ್ಕ ಬೆರೆಸಿದ್ದೋ, ಬೇರು ಮಣ್ಣಿನಿಂದ ಹೀರಿದ್ದೋ, ಯಂತ್ರ ಹೇಳುವುದಿಲ್ಲ.

ಫಲಿತಾಂಶ ಬಂದ ಸಂಜೆ ಅವನೇ ಹೋಗಿ ಅಕ್ಕನಿಗೆ ಹೇಳಿದ.

"ಬೀದಿಯವರು ಕಲ್ಲು ಹೊಡೀತಿದ್ರು, ಸರಿ," ಎಂದಳಂತೆ ಅವಳು. "ನೀನೂ ಒಂದು ಎತ್ಕೊಂಡು ಬಂದ್ಯೇನೋ?"

ಹೆಂಡತಿ ಇನ್ನೂ ಗಟ್ಟಿ. "ಅತ್ತಿಗೆ ಕೈ ಔಷಧಿ ನಾನು ಬಿಡಲ್ಲ ರೀ. ನಿಮ್ಮ ಮಿಷನ್ನು ಒಂದ್ಸಲ ಟಂಗ್‌ಸ್ಟನ್ ಅಂತು, ಇನ್ನೊಂದ್ಸಲ ಪಾಷಾಣ ಅಂತು. ನಾಳೆ ಚಿನ್ನ ಅಂದ್ರೆ ಹೇಳಿ, ಬಳೆ ಮಾಡಿಸ್ಕೋತೀನಿ."

ಆಗಲೇ ಅವಳಿಗೆ ಪಾದದಡಿಯ ನೆಲ ತಿಳಿಯುತ್ತಿರಲಿಲ್ಲ. ಚಪ್ಪಲಿ ಜಾರಿಹೋದರೂ ಗೊತ್ತಾಗದೆ ನಾಲ್ಕು ಹೆಜ್ಜೆ ನಡೆಯುತ್ತಿದ್ದಳಂತೆ.

ಮರುದಿನ ಬೋಕಿಯಣ್ಣ ಒಂದು ಲಕೋಟೆ ತಂದ. ಒಳಗೆ ಹೆಂಡತಿಯ ಬಾಚಣಿಗೆಯಿಂದ ಬಿಡಿಸಿದ ಕೂದಲು. ದೇಹಕ್ಕೆ ಹೋದ ಪಾಷಾಣ ಕೂದಲಲ್ಲಿ ಉಳಿಯುತ್ತದೆ. ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

"ನೀವೇ ಮಾಡಿ ಮೇಡಂ. ನನ್ನ ಕೈಗೆ ಕೊಡ್ಬೇಡಿ."

ತೊಳೆದು, ತೂಗಿ, ರಿಯಾಕ್ಟರಿಗೆ ಇಳಿಸಿದೆ. ಪಾಷಾಣ ಇರಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು; ನಾಲ್ಕನೆಯ ದಿನ ಹಾಳೆ ಕೊಟ್ಟಾಗ ಅವನು ಸಂಖ್ಯೆಯನ್ನು ಎರಡು ಸಲ ಓದಿದ.

"ಮೊದಲು ಯಾರಿಗೆ ತೋರಿಸ್ಲಿ? ಅಕ್ಕನಿಗಾ, ಇವಳಿಗಾ?"

"ನುಂಗ್ತಿರೋಳಿಗೆ," ಎಂದೆ.

ಹೆಂಡತಿ ಅಂದೇ ಪುಡಿ ನಿಲ್ಲಿಸಿದಳು; ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ವಿಷಯ ಮುಚ್ಚಿಟ್ಟದ್ದಕ್ಕೆ ಅವನನ್ನು ಗಿಡಗಳ ಕೆಲಸದಿಂದ ತೆಗೆದೆ. ಅದು ಸರಿಯೆಂದೇ ಈಗಲೂ ನನ್ನ ಅಭಿಪ್ರಾಯ. ಇಲಾಖೆಯವರು ಅಕ್ಕನ ಅಂಗಡಿಗೆ ಬೀಗ ಹಾಕಿದರು. ಆಮೇಲೆ ಬದುಕಿದ ಒಂಬತ್ತು ವರ್ಷವೂ ಅವಳು ತಮ್ಮನನ್ನು ಮಾತಾಡಿಸಲಿಲ್ಲ.